ಹರಟೆಮಲ್ಲ ಡ್ರೈವರಿನ ಬಾಯಿ ಮುಚ್ಚಿಸಿದವಳು

ಪೊರಕೆ ಮೇಡಂ ಎಂದರೆ ಆ ಕಚೇರಿಯ ಬಾಗಿಲು ಕಾಯುವವನಿಗೂ ಗೊತ್ತು. ಅವಳು ಕಸ ಗುಡಿಸುವವಳಲ್ಲ, ಪ್ರೋಗ್ರಾಮ್ ಬರೆಯುವವಳು. ಆದರೆ ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಇಷ್ಟು ವರ್ಷಗಳಲ್ಲಿ ಅವಳು ಅಳಿಸಿದ ಸಾಲುಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ಇಲ್ಲಿಂದ ಚಂದ್ರನವರೆಗೆ ಬಟ್ಟೆ ಒಣಹಾಕಬಹುದು. ಮಿಕ್ಕ ತುಂಡಿನಲ್ಲಿ ಒಂದು ಹಸುವನ್ನೂ ಕಟ್ಟಬಹುದು.

ಆ ವರ್ಷ ಅವಳ ಕೈಗೆ ಸಿಕ್ಕಿದ್ದು ನೆಟ್‌ವರ್ಕ್ ಕಾರ್ಡಿನ ಡ್ರೈವರ್. ಕಂಪ್ಯೂಟರಿಗೂ ಹೊರಗಿನ ತಂತಿಗೂ ಮಾತುಕತೆ ನಡೆಸಿಕೊಡುವ ಪ್ರೋಗ್ರಾಮು ಅದು. ಕೆಲಸದಲ್ಲಿ ಗಟ್ಟಿಗ, ಬಾಯಿಗೆ ಮಾತ್ರ ಬೀಗವಿಲ್ಲ. ಕೂತದ್ದು ನಿಂತದ್ದನ್ನೆಲ್ಲ ಲಾಗ್ ಎಂಬ ದಿನಚರಿಯಲ್ಲಿ ಬರೆದು ಪರದೆಯ ಮೇಲೆ ಹರಿಸುತ್ತಿತ್ತು. “ಇಲ್ಲಿಗೆ ಬಂದೆ.” ಮರುಕ್ಷಣ, “ಇಲ್ಲಿಗೂ ಬಂದೆ.” ಆಮೇಲೆ, “ದೋಷ: ಎಲ್ಲ ಸರಿಯಾಗಿದೆ.” ಹಿಂದಿನವರು ಪರೀಕ್ಷೆಗೆಂದು ಹಾಕಿ ತೆಗೆಯಲು ಮರೆತ ಸಾಲುಗಳು. ನೀವು ಒಂದು ಸೀನು ಸೀನುವಷ್ಟರಲ್ಲಿ ಪರದೆಯಲ್ಲಿ ಮಹಾಕಾವ್ಯವೊಂದು ಉರುಳಿಹೋಗಿರುತ್ತಿತ್ತು.

ಇಂಥ ಎಂಟುನೂರು ಸಾಲುಗಳಲ್ಲಿ ಹನ್ನೊಂದನ್ನು ಉಳಿಸಿ ಮಿಕ್ಕದ್ದನ್ನು ಅವಳು ಗುಡಿಸಿಹಾಕಿದಳು. ಮೇಲಧಿಕಾರಿ ಮೂಗು ಮುರಿದರು. “ಪರೀಕ್ಷಾ ಕೋಣೇಲಿ ಏಳು ದಿನ ಎಲ್ಲೂ ನಿಲ್ಲದೆ ಓಡಲಿ. ತಿಂಗಳ ಕೊನೆಯೊಳಗೆ ಆಗ್ಲಿಲ್ವೋ, ಹಳೇ ಡ್ರೈವರೇ ವಾಪಸ್.”

ಎರಡು ಸಲ ಓಡಿಸಿದಳು. ಎರಡು ಸಲವೂ ನಡುವೆಯೇ ಯಂತ್ರ ನಿಂತು ಮತ್ತೆ ಶುರುವಾಗಿತ್ತು. ಯಾಕೆಂದು ಲಾಗ್ ತೆರೆದರೆ ಅಲ್ಲಿ ತಪಸ್ವಿಯ ಮೌನ. ಸಾಕ್ಷಿಗಳ ಬಾಯನ್ನೆಲ್ಲ ತಾನೇ ಹೊಲಿದಿದ್ದಳಲ್ಲ! ತಿಂಗಳ ಕೊನೆಗೆ ಸರಿಯಾಗಿ ಏಳು ದಿನ ಉಳಿದಿರುವಾಗ ಬೆಳಗ್ಗೆ ಮೂರನೇ ಓಟ ಶುರು ಮಾಡಿ, ಒಂದು ಸ್ಟೂಲು ಹಾಕಿಕೊಂಡು ಪರೀಕ್ಷಾ ಕೋಣೆಯ ಕಪಾಟಿನ ಹಿಂದೆ ಕೂತಳು.

ಊಟ ಮುಗಿಸಿ ಭಾವ ಬಂದರು. ಅವಳ ಅಕ್ಕನ ಗಂಡ. ಆ ಕೋಣೆಯ ಯಂತ್ರಗಳನ್ನು ನೋಡಿಕೊಳ್ಳುವವರೂ ಅವರೇ. ಕನ್ನಡಕ ಒರೆಸಿಕೊಂಡು ಪರದೆ ನೋಡಿ, “ಅಯ್ಯೋ ಪಾಪ” ಎಂದು ಸ್ವಿಚ್ಚಿಗೆ ಕೈ ಚಾಚಿದರು.

“ಭಾವಾ! ಕೈ ತೆಗೀರಿ!”

ಭಾವ ಒಂದು ಮಾರು ಹಾರಿದರು. “ಸತ್ತೋಗಿದೆ ಕಣಮ್ಮ ಇದು! ಬೆಳಗ್ಗೆಯಿಂದ ಮಾತಿಲ್ಲ, ಕತೆಯಿಲ್ಲ. ಅಕ್ಷರ ಓಡ್ತಿದ್ರೆ ಜೀವ ಇದೆ, ನಿಂತ್ರೆ ಎಬ್ಬಿಸಬೇಕು. ಹದಿನೆಂಟು ವರ್ಷದಿಂದ ಹೀಗೇ ನಡೆಸಿದ್ದೀನಿ.”

“ಅಂದ್ರೆ ಎರಡು ಸಲಾನೂ ಎಬ್ಬಿಸಿದ್ದು ನೀವೇ?”

“ಇನ್ಯಾರಿಗಿದೆ ಅಷ್ಟು ಕಾಳಜಿ?”

“ಅದು ಸುಮ್ನಿರೋದು ಚೆನ್ನಾಗಿರೋದಕ್ಕೆ, ಭಾವ. ನೀವು ಉಂಡು ಮಲಗಿದ್ರೆ ಅಕ್ಕ ಬಂದು ಒಂದು ಬಕೆಟ್ ನೀರು ಸುರೀತಾಳಾ?”

“ನಾನು ಗೊರಕೆ ಹೊಡೀತೀನಲ್ಲ. ಬದುಕಿದ್ದೀನಿ ಅಂತ ನಿಮ್ಮಕ್ಕಂಗೆ ಗೊತ್ತಾಗುತ್ತೆ.”

ಪೊರಕೆ ಮೇಡಂಗೆ ನಗು ಬಂತು, ಅದೂ ಕಿಟಕಿ ಗಾಜು ನಡುಗುವಷ್ಟು. ಕಣ್ಣೊರೆಸಿಕೊಂಡು, ಯಾವ ಕಾರ್ಡು ಎಷ್ಟು ಸುದ್ದಿ ಸಾಗಿಸಿದೆ ಎಂದು ಲೆಕ್ಕ ತೋರಿಸುವ ಒಂದು ಆಜ್ಞೆಯನ್ನು ಅವರಿಗೆ ಕಲಿಸಿಕೊಟ್ಟಳು. “ಇದು ತಾನಾಗಿ ಮಾತಾಡಲ್ಲ. ನೀವು ಕೇಳಿದ್ರೆ ಹೇಳುತ್ತೆ.”

ಭಾವ ಕೇಳಿದರು. ಅಂಕಿ ಏರಿತು. ಮತ್ತೆ ಕೇಳಿದರು, ಮತ್ತೆ ಏರಿತು. ಅಂದಿನಿಂದ ನಿಮಿಷಕ್ಕೆ ಮೂರು ಸಲ ಅದರ ಕ್ಷೇಮಸಮಾಚಾರ ವಿಚಾರಿಸಿ, ಕೀಲಿಮಣೆಯಲ್ಲಿ ಹಳ್ಳ ಬೀಳಿಸಿದರು. ಸ್ವಿಚ್ಚಿನ ಹತ್ತಿರ ನೊಣ ಕೂತರೂ ಓಡಿಸುತ್ತಿದ್ದರು.

ಆರನೇ ದಿನ ಮಧ್ಯಾಹ್ನ, ಖಾಲಿ ಪರದೆಯ ಮೇಲೆ ಒಂದೇ ಒಂದು ಸಾಲು ಮೂಡಿತು: “ಹದಿನೇಳನೇ ಕಾರ್ಡು: ತಂತಿ ಕಳಚಿದೆ.” ಐದು ನಿಮಿಷ ಹಾಗೇ ಇದ್ದರೆ ಓಟ ರದ್ದು. ಹಳೇ ಡ್ರೈವರಾಗಿದ್ದರೆ ಕಾರ್ಡಿನ ಸಂಖ್ಯೆ ಹೇಳದೆ ಬರೀ “ತಂತಿ ಕಳಚಿದೆ” ಎಂದು ಒದರುತ್ತಿತ್ತು, ಅದೂ ಸಾವಿರ ಹರಟೆಯ ನಡುವೆ. ಭಾವ ನಲವತ್ತೆಂಟು ಕಾರ್ಡುಗಳ ತಂತಿಗಳನ್ನೂ ಜಗ್ಗಿ ನೋಡಬೇಕಾಗುತ್ತಿತ್ತು. ಈಗ ಬಿಟ್ಟ ಬಾಣದಂತೆ ಹೋಗಿ ಹದಿನೇಳನೆಯದನ್ನು ಒತ್ತಿದರು. ಟಕ್! ಪೊರಕೆ ಮೇಡಂ ಗಡಿಯಾರದಲ್ಲಿ ಐವತ್ತು ಸೆಕೆಂಡ್. ಭಾವ ಊರಿಗೆಲ್ಲ ಹೇಳಿದ್ದು ನಾಲ್ಕು.

ಏಳು ದಿನ ತುಂಬಿದ ಕೂಡಲೇ ಮೇಲಧಿಕಾರಿ ಒಪ್ಪಿಗೆಯ ರುಜು ಹಾಕಿದರು. ಪೊರಕೆ ಮೇಡಂ ಕಾಗದ ಹಿಡಿದು ಕುಣಿಯುತ್ತ ಮೆಟ್ಟಿಲಿಳಿದರೆ, ಕೆಳಗೆ ಭಾವ ಮುಖ ಗಂಟು ಹಾಕಿಕೊಂಡು ನಿಂತಿದ್ದರು.

“ಏನು ಭಾವ, ಖುಷಿಯಿಲ್ವಾ?”

“ಖುಷಿ ಇರ್ಲಿ ಬಿಡು. ಪಕ್ಕದ ಯಂತ್ರದಲ್ಲಿ ಆ ಡಿಸ್ಕ್ ಡ್ರೈವರ್ ಇದೆಯಲ್ಲ, ಏನು ವಟಗುಟ್ಟುತ್ತೆ ಅಂತೀನಿ, ತಲೆ ಚಿಟ್ಟು ಹಿಡಿದೋಯ್ತು! ನಾಳೇನೇ ಬಂದು ಅದಕ್ಕೂ ಒಂದು ಗತಿ ಕಾಣಿಸು.”