ಕಮ್ಮಾರನಿಗೆ ಹೇಳಿದ ಮಾತು

ಮದುವೆಯಾದ ಮೊದಲ ವರ್ಷ ನನ್ನ ಗಂಡ ನನ್ನ ಜೊತೆ ಬಾಯಿಬಿಟ್ಟು ಮಾತಾಡಿದ್ದು ಕಮ್ಮಾರನಾಗಿ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಅವರು ಸ್ಯಾನ್ ಡಿಯೇಗೊದ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ ಟೆಲಿಕಾಂ ಇಂಜಿನಿಯರು. ನಾನು ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಅಪಾರ್ಟ್‌ಮೆಂಟ್ ಹಂಚಿಕೊಂಡು ಎಂ.ಎಸ್. ಓದುತ್ತಿದ್ದೆ. ನಡುವೆ ಕಾರಿನಲ್ಲಿ ಮೂರು ಗಂಟೆಯ ದಾರಿ. ವಾರವೆಲ್ಲ ಫೋನಿನ ಸಂಸಾರ, ವಾರಾಂತ್ಯಕ್ಕೆ ಅವರು ಬರುತ್ತಿದ್ದರು.

"ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತು."

ಅಲ್ಲಿಗೆ ಮುಗಿಯಿತು. ಮನೆಯವರು ನೋಡಿ ಮಾಡಿದ ಮದುವೆ. ಮನುಷ್ಯ ಕೆಟ್ಟವರಲ್ಲ, ಬಾಯಿಗೆ ಮಾತ್ರ ಬೀಗ. ಏನು ಕೇಳಿದರೂ "ನಿನ್ನಿಷ್ಟ" ಎನ್ನುತ್ತಿದ್ದರು. ಸೋಫಾ ಯಾವ ಬಣ್ಣದ್ದು? ನಿನ್ನಿಷ್ಟ. ಈ ರಜೆಗೆ ಊರಿಗೆ ಹೋಗೋಣವೇ? ನಿನ್ನಿಷ್ಟ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವರಿಗೆ ನಾನು ಬೇಕೋ, ಇಲ್ಲ ಸುಮ್ಮನೆ ತಾಳಿ ಕಟ್ಟಿದ್ದಕ್ಕೆ ಇಟ್ಟುಕೊಂಡಿದ್ದಾರೋ ಎಂಬುದೇ ಆ ವರ್ಷವಿಡೀ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ.

ಒಂದು ಭಾನುವಾರ ಅವರು ಒಂದು ಸಿ.ಡಿ. ತಂದು ನನ್ನ ಕಂಪ್ಯೂಟರಿಗೆ ಹಾಕಿದರು. ಆನ್‌ಲೈನ್ ಆಟ. "ಬರೀ ಹೊಡೆದಾಟ ಅಲ್ಲ, ಇಲ್ಲಿ ಜನ ಪಾತ್ರ ಹಾಕ್ಕೊಂಡು ಮಾತಾಡ್ತಾರೆ. ಬೇಕಾದ್ರೆ ಬಾ, ನಿನ್ನಿಷ್ಟ" ಎಂದರು. ಆಟದಲ್ಲಿ ಒಂದು ಸರೋವರ, ಅದರ ದಡದಲ್ಲಿ ಒಂದು ಊರು, ಆ ಊರಿನಲ್ಲಿ ಇವರು ಗಡ್ಡದ ಕಮ್ಮಾರ. ನಾನು ಬೇರು ನಾರು ಮಾರುವ ವೈದ್ಯೆಯಾದೆ.

ಹೊರಗೆ ನಾರ್ತ್‌ರಿಜ್ ಕಾದ ಕಾವಲಿಯ ಹಾಗೆ ಸುಡುತ್ತಿತ್ತು. ಕಿಟಕಿಯ ಬ್ಲೈಂಡ್ಸ್ ಎಳೆದು ಕೂತರೆ ಕಂಪ್ಯೂಟರಿನ ಪರದೆಯೊಳಗೆ ಹಿಮ ಬೀಳುತ್ತಿತ್ತು. ಸರೋವರದ ಮೇಲೆ ಯಾವಾಗಲೂ ಒಂದು ನೀಲಿ ಮುಸ್ಸಂಜೆ, ದೂರದಲ್ಲಿ ಎಲ್ಲೋ ಕುದುರೆ ಹೆಜ್ಜೆ. ಕಾಫಿ ಲೋಟ ಕೈಯಲ್ಲೇ ಆರಿಹೋಗುತ್ತಿತ್ತು. ಫ್ಯಾನಿನ ಗಾಳಿ ಕಾಲಿಗೆ ಬಡಿದರೆ ಅದು ಆ ಸರೋವರದ ಗಾಳಿ ಎನಿಸುತ್ತಿತ್ತು. ರೂಮಿನ ಹುಡುಗಿಯರು ಕರೆದರೆ ಬಹಳ ದೂರದಿಂದ ವಾಪಸು ಬಂದ ಹಾಗಾಗುತ್ತಿತ್ತು, ಅಷ್ಟು ಸುಖ ಅದು.

ಆದರೆ ಆ ಸುಖಕ್ಕೂ ಮಡಿ ಮೈಲಿಗೆ ಇತ್ತು. ಆಡುವಾಗ ಪಾತ್ರವೇ ಮಾತಾಡಬೇಕು. ನಿಮ್ಮ ಸ್ವಂತ ಮಾತು, "ಒಲೆ ಮೇಲೆ ಹಾಲಿದೆ, ಬಂದೆ" ಎನ್ನುವಂಥದ್ದು, ಜೋಡಿ ಬ್ರಾಕೆಟ್ಟಿನೊಳಗೆ ಹಾಕಬೇಕು. ನನಗಿದು ಮೊದಲ ದಿನವೇ ಎಡವಟ್ಟಾಯಿತು. ಕಮ್ಮಾರನ ಅಂಗಡಿಗೆ ಹೋಗಿ, ದೊಡ್ಡಸ್ತಿಕೆಯಿಂದ, ಇಂಗ್ಲಿಷಿನಲ್ಲಿ, "ವೈದ್ಯೆ ಕಷಾಯ ಕೊಡುತ್ತಾಳೆ. ಕಮ್ಮಾರ ಗಟಗಟ ಕುಡಿದು ಇನ್ನೊಂದು ಲೋಟ ಹಾಕಿಸಿಕೊಳ್ಳುತ್ತಾನೆ" ಎಂದು ಬರೆದೆ. ಸುತ್ತ ನಿಂತಿದ್ದ ಅಮೆರಿಕದ ಆಟಗಾರರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಜೋಡಿ ಬ್ರಾಕೆಟ್ಟಿನಲ್ಲಿ ನನಗೊಬ್ಬಳಿಗೇ ಗಂಡನ ಮಾತು ಬಂತು: "ಕೊಟ್ಟೆ ಅಂತ ಮಾತ್ರ ನೀನು ಬರಿ. ಕುಡಿದೆನೋ ಇಲ್ವೋ ನಾನು ಬರೀತೀನಿ." ಇನ್ನೊಬ್ಬರ ಪಾತ್ರವನ್ನು ನಾವು ಆಡಿಸಬಾರದಂತೆ, ಅದಕ್ಕೆ ಗಾಡ್‌ಮಾಡಿಂಗ್ ಅನ್ನುತ್ತಾರಂತೆ, ದೇವರ ಹಾಗೆ ವರ್ತಿಸುವುದು. ಅಯ್ಯೋ ರಾಮ! ಎಲೆಗೆ ಅಡ್ಡ ಹಿಡಿದ ಕೈಯ ಮೇಲೇ ಪಾಯಸ ಬಡಿಸುವ ಮನೆಯಿಂದ ಬಂದವಳು ನಾನು. ಉಪಚಾರ ಮಾಡಿದರೆ ಅದನ್ನು ಅಪಚಾರ ಅನ್ನುವ ಜನ!

ಇನ್ನೊಂದು ಕಟ್ಟುಪಾಡು ಇದಕ್ಕಿಂತ ಬಿಗಿ. ಹೊರಗೆ ನಿಮಗೆ ಗೊತ್ತಿರುವುದು ನಿಮ್ಮ ಪಾತ್ರಕ್ಕೆ ಗೊತ್ತಿರಬಾರದು. ಪಾತ್ರ ಕೇಳಿಸಿಕೊಂಡದ್ದನ್ನು ನೀವು ಹೊರಗೆ ತರಬಾರದು. ಇದನ್ನು ಮೀರಿದರೆ ಮೆಟಾಗೇಮಿಂಗ್ ಎಂದು ಮುಖ ತಿರುಗಿಸುತ್ತಿದ್ದರು. ನಮ್ಮವರು ಇದರಲ್ಲಿ ಮಹಾ ನಿಷ್ಠಾವಂತರು. ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ನಾರ್ತ್‌ರಿಜ್‌ಗೆ ಬಂದರೆ ಕಮ್ಮಾರನ ಸುದ್ದಿ ಒಂದಕ್ಷರ ಎತ್ತುತ್ತಿರಲಿಲ್ಲ. ಆ ಕಮ್ಮಾರನೋ, ಬಾಯಿ ತೆರೆದರೆ ಮುಗಿಯದ ವಾಚಾಳಿ! ಹಿಮದಲ್ಲಿ ಕಳೆದುಹೋದ ಕುದುರೆಯ ಕತೆ, ತನ್ನ ಸುಟ್ಟ ಗಡ್ಡದ ಕತೆ, ಸರೋವರದ ತಳದಲ್ಲಿ ಗಂಟೆ ಮೊಳಗುತ್ತದೆಂಬ ಸುಳ್ಳು. ನಾನು ಕುಲುಮೆಯ ಪಕ್ಕ ಕೂತು ಕೇಳುತ್ತಿದ್ದೆ. ಅವನನ್ನು ಕಂಡರೆ ನನಗೆ ಪ್ರಾಣ. ಅವನ ಹಿಂದೆ ಕೂತು ಕೀಲಿಮಣೆ ಒತ್ತುವವನ ಮೇಲೆ ಮಾತ್ರ ಸಿಟ್ಟು.

ಓದು ಮುಗಿಯುವ ಹೊತ್ತಿಗೆ ಲಾಸ್ ಏಂಜಲೀಸಿನದೇ ಸ್ಯಾನ್ ಪೀಡ್ರೊ ಬಂದರಿನಲ್ಲಿ, ಹಡಗಿನ ಸರಕು ಸಾಗಿಸುವ ಒಂದು ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಓದು ಮುಗಿದರೆ ಗಂಟುಮೂಟೆ ಕಟ್ಟಿ ಸ್ಯಾನ್ ಡಿಯೇಗೊಗೆ ಹೋಗುತ್ತೇನೆ ಎಂದೇ ಎರಡೂ ಮನೆಯವರು ತಿಳಿದಿದ್ದರು. ಈ ಕೆಲಸ ಹಿಡಿದರೆ ಮತ್ತೆ ಬೇರೆ ಬೇರೆ ಮನೆ. ಇವರಿಗೆ ಹೇಳಲು ಧೈರ್ಯ ಬರಲಿಲ್ಲ. ಬೈದಾರು ಎಂಬ ಹೆದರಿಕೆಯಲ್ಲ. "ನಿನ್ನಿಷ್ಟ" ಎಂದುಬಿಟ್ಟರೆ? ಈ ವಿಷಯಕ್ಕೂ ಹಾಗಂದರೆ ಈ ಮದುವೆಯಲ್ಲಿ ಉಳಿಯುವುದಕ್ಕೆ ಇನ್ನೇನಿದೆ ಎಂದು ನಿರ್ಧರಿಸಿಬಿಟ್ಟಿದ್ದೆ.

ಹಾಗಾಗಿ ಕಮ್ಮಾರನಿಗೆ ಹೇಳಿದೆ.

"ದೂರದ ಬಂದರಿನವರು ನನ್ನನ್ನು ಕರೆಯುತ್ತಿದ್ದಾರೆ" ಎಂದಳು ವೈದ್ಯೆ. "ಹಡಗುಗಳ ಊರು. ಹೋಗಲೋ ಬೇಡವೋ ತಿಳಿಯದು."

ಪರದೆಯಲ್ಲಿ ಹಿಮ ಬೀಳುತ್ತಲೇ ಇತ್ತು. ಒಂದು ಸಾಲು ಬಂತು: "ಕಮ್ಮಾರ ಸುತ್ತಿಗೆಯನ್ನು ಕೆಳಗಿಡುತ್ತಾನೆ."

"ನಾನು ಹೋದರೆ ಇಲ್ಲಿ ಯಾರಿಗಾದರೂ ಬೇಸರವಾದೀತೆ?"

"ಕಮ್ಮಾರ ಬೆಂಕಿಯನ್ನೇ ನೋಡುತ್ತ ನಿಲ್ಲುತ್ತಾನೆ."

ಅಷ್ಟೇ. ಆಟ ಬಿಟ್ಟು ಹೊರಟೇಹೋದರು. ಆ ವಾರಾಂತ್ಯ ಬಂದು, ನನ್ನ ಹಳೆ ಕಾರಿಗೆ ಆಯಿಲ್ ಬದಲಾಯಿಸಿ, ಸಾರನ್ನ ಉಂಡು ಹೋದರು. ಮುಂದಿನ ವಾರವೂ ಅದೇ. ಕಲ್ಲಿನ ಜೊತೆಯಾದರೂ ಸಂಸಾರ ಮಾಡಬಹುದು, ಇವರ ಜೊತೆ ಆಗದು ಎಂದುಕೊಂಡು ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತೆ.

ಮೂರನೇ ಶನಿವಾರ ಮಧ್ಯಾಹ್ನ ರೂಮಿನ ಹುಡುಗಿಯರು ಹೊರಗೆ ಹೋಗಿದ್ದರು. ಬೀದಿಯ ಜಕರಂಡಾ ಮರಗಳು ಹೂ ಬಿಟ್ಟು ಕಿಟಕಿಯ ಬೆಳಕೆಲ್ಲ ನೇರಳೆಯಾಗಿತ್ತು. ಇವರು ಪೇಪರ್ ಓದುತ್ತ ಕೂತಿದ್ದರು. ಎದುರಿಗೆ ಹೋಗಿ ನಿಂತೆ.

"ನಂಗೆ ಕೆಲಸ ಸಿಕ್ಕಿದೆ ರೀ. ಸ್ಯಾನ್ ಪೀಡ್ರೊದಲ್ಲಿ."

ಪೇಪರ್ ಮಡಿಸಿದರು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. "ಅಬ್ಬಾ, ಹೇಳಿದ್ಯಲ್ಲ" ಎಂದರು.

"ಗೊತ್ತಿತ್ತಲ್ವಾ ನಿಮ್ಗೆ? ಯಾಕೆ ಕೇಳ್ಲಿಲ್ಲ?"

"ನೀನು ಹೇಳಿದ್ದು ಕಮ್ಮಾರನಿಗೆ. ನಂಗೆ ಹೇಳಿರ್ಲಿಲ್ಲ."

ಸಿಟ್ಟು ಬಂದ ವೇಗಕ್ಕೇ ನಗುವೂ ಬಂತು. ಇಷ್ಟು ದಿನ ಈ ಮನುಷ್ಯ ನಿದ್ದೆಗೆಟ್ಟು, ಆಟದ ಮರ್ಯಾದೆ ಕಾದುಕೊಂಡು ಕೂತಿದ್ದಾರೆ! "ಅಯ್ಯೋ ನನ್ನಪ್ಪಾ" ಎಂದೆ, "ನನ್ನ ಪಾತ್ರ ನೀವು ಆಡ್ಬೇಡಿ, ಒಪ್ಪಿದೆ. ನಿಮ್ಮ ಪಾತ್ರನಾದ್ರೂ ಆಡ್ಬೇಕೋ ಬೇಡ್ವೋ? ಎದುರಿಗಿರೋರು ಏನೂ ಹೇಳದೆ ಕೂತ್ರೆ ನಾನು ಯಾವುದಕ್ಕೆ ಉತ್ತರ ಕೊಡ್ಲಿ?"

"ನಾನೇನಾದ್ರೂ ಅಂದ್ರೆ ನಿನ್ನ ಮೇಲೆ ಹೇರಿದ ಹಾಗಾಗತ್ತೆ ಅಂತ..."

"ಹೇರಿ! ಒಂದು ಸಲ ಹೇರಿ ನೋಡೋಣ. ಬೇಡ ಅನ್ನೋಕೆ ನಂಗೂ ಬಾಯಿದೆ."

ಅವರು ಎದ್ದು ನಿಂತರು. ಕಿಟಕಿಯ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಆ ಕೆಲಸ ತಗೋ. ಎಲ್‌ಎಯಲ್ಲಿ ಎರಡು ಕಡೆ ನಾನೂ ಅಪ್ಲೈ ಮಾಡಿದೀನಿ" ಎಂದರು. ಆಮೇಲೆ, ಬಹಳ ಮೆಲ್ಲಗೆ, "ನನ್ನ ಬಿಟ್ಟು ಇರ್ಬೇಡ ಕಣೇ. ನಂಗೆ ಆಗಲ್ಲ."

"ಇರಲ್ಲ ರೀ" ಎಂದೆ.