ನನ್ನ ಮನೆಗೆ ಬಂದ ಅವಳ ಫೋನು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಮೊದಲು ನಾಳೆ ಎಂದೆ, ಆಮೇಲೆ ಮುಂದಿನ ವರ್ಷ ಎಂದೆ, ಆಮೇಲೆ — ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟೆ. ನನ್ನ ಮನೆಯ ಫೋನಿಗೆ ಬಂದ ಒಂದು ಸುದ್ದಿಯನ್ನು ಅದು ಸೇರಬೇಕಾದ ಹುಡುಗಿಗೆ ನಾನು ತಲುಪಿಸಲಿಲ್ಲ. ಮರೆತು ಅಲ್ಲ, ಬೇಕೆಂದೇ. ಅದರ ಹಿಂದೆಯೇ ಇನ್ನೊಂದು ಕೆಲಸವನ್ನೂ ಮಾಡಿದೆ. ಅದನ್ನು ಅದರ ಜಾಗದಲ್ಲೇ ಹೇಳುತ್ತೇನೆ. ಹುಡುಗಿಯ ಹೆಸರನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಬರೆದರೆ ಕೈ ನಿಂತುಬಿಡುತ್ತದೆ.

ಬರೆಯಲು ಕೂತದ್ದು ನನ್ನ ಸೊಸೆಯ ದೆಸೆಯಿಂದ. ಅವಳು ಕ್ಯಾತನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಬರುತ್ತಾಳೆ. ಅಲ್ಲಿ ಹೆದ್ದಾರಿ ಪಕ್ಕದ ಒಂದು ಲಾಡ್ಜಿನಲ್ಲಿ ರಿಸೆಪ್ಷನ್ ಕೆಲಸ. ಹೊರಗಿನ ಪ್ರವಾಸಿಗಳು ಬರುವ ಜಾಗ, ಇಂಗ್ಲಿಷ್ ಬೇಕೇ ಬೇಕು. ಸಂಜೆ ಜಗಲಿಯ ಕಂಬಕ್ಕೆ ಮೊಬೈಲು ಒರಗಿಸಿಟ್ಟು ಪಾಠ ಕೇಳುತ್ತಾಳೆ. ಹೋದ ತಿಂಗಳು ಒಂದು ದಿನ ಬಂದ ಪಾಠ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವ ವಾಕ್ಯಗಳದ್ದು.

"ಮಾವ, ನೀವು ಗಿರಾಕಿ ಆಗಿ. ನಾನು ರಿಸೆಪ್ಷನ್ನು."

"ನನ್ ಇಂಗ್ಲೀಸು ಎಸ್ಸೆಲ್ಸಿಗೇ ಮುಗ್ದೋಯ್ತು ಕಣವ್ವ."

"ನಂದಿನ್ನೂ ಸುರುವೇ ಆಗಿಲ್ಲ, ಯೋಳಿ ಸುಮ್ನೆ. ರೂಮಲ್ಲಿರೋ ಮೇಡಮ್ಮಿಗೆ ಒಂದ್ ಸುದ್ದಿ ಮುಟ್ಟಿಸ್ಬೇಕು ಅಂತ ಯೋಳಿ."

ನಾನು ಬಾಯಿ ತೆರೆದೆ. "ಪ್ಲೀಸ್ ಇನ್‌ಫಾರ್ಮ್ ಹರ್ ಟು ಕಮ್ ಆನ್ ಥರ್ಸ್‌ಡೇ."

ಹುಡುಕಬೇಕಾಗಲಿಲ್ಲ. ಒಳಗೆ ಎಲ್ಲೋ ಕಾಯುತ್ತಾ ಕೂತಿದ್ದ ವಾಕ್ಯ ತಾನೇ ಎದ್ದು ಬಂತು.

"ಷೂರ್ ಸರ್, ಐ ವಿಲ್ ಲೆಟ್ ಹರ್ ನೋ," ಎಂದು ಲಾಡ್ಜಿನ ದನಿಯಲ್ಲಿ ಹೇಳಿ ಸೊಸೆ ಚಪ್ಪಾಳೆ ತಟ್ಟಿದಳು. "ಅಯ್ಯೋ ಮಾವ, ನಮ್ ಮ್ಯಾನೇಜರ್‌ಗಿಂತ ಚೆಂದಾಗಿ ಯೋಳುದ್ರಲ್ಲ! ಎಲ್ ಬಚ್ಚಿಟ್ಟಿದ್ರಿ ಇದ್ನ?"

ದನಕ್ಕೆ ಹುಲ್ಲು ಹಾಕಬೇಕು ಎಂದು ಎದ್ದು ಹಿತ್ತಲಿಗೆ ಹೋದೆ. ಹುಲ್ಲು ಆಗಲೇ ಹಾಕಿಯಾಗಿತ್ತು.

ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಆಗ ನಮ್ಮ ಬೀದಿಗೆಲ್ಲ ಫೋನಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಮಣೆಯ ಮೇಲೆ ಕಪ್ಪು ಫೋನು, ಅದಕ್ಕೊಂದು ಕಸೂತಿ ಬಟ್ಟೆ, ಡಯಲಿಗೊಂದು ಪುಟ್ಟ ಬೀಗ. ಫೋನಿಲ್ಲದವರು ಅರ್ಜಿಯಲ್ಲಿ, ಲಗ್ನಪತ್ರಿಕೆಯಲ್ಲಿ ನಮ್ಮ ನಂಬರು ಬರೆದು ಪಕ್ಕದಲ್ಲಿ ಪಿ.ಪಿ. ಎಂದು ಸೇರಿಸುತ್ತಿದ್ದರು. ಹಾಗೆಂದರೆ ಪಕ್ಕದ ಮನೆಯ ಫೋನು, ಕರೆದುಕೊಡುತ್ತಾರೆ ಎಂದು ಅರ್ಥ. ಕರೆ ಬಂದಾಗ ನಾನು ಬೀದಿಗೆ ಬಂದು ಕೂಗುತ್ತಿದ್ದೆ. ಜನ ಕೈಯ ಕೆಲಸ ಬಿಟ್ಟು ಓಡಿ ಬರುತ್ತಿದ್ದರು. ನನಗೆ ಅದೊಂದು ಹೆಮ್ಮೆ — ಇಲ್ಲವೆಂದರೆ ಸುಳ್ಳಾಗುತ್ತದೆ.

ಪಕ್ಕದ ಮನೆಯ ಹುಡುಗಿ ಮೈಸೂರಿನಲ್ಲಿ ಲ್ಯಾಬ್ ತರಬೇತಿ ಮುಗಿಸಿ ಬಂದಿದ್ದಳು. ರಕ್ತ, ಕಫ ಪರೀಕ್ಷೆ ಮಾಡುವ ಕೆಲಸ. ಬೇರೆ ರಾಜ್ಯದ ಒಂದು ದೊಡ್ಡ ಆಸ್ಪತ್ರೆಗೆ ಅರ್ಜಿ ಹಾಕಿ, ಹೋಗಿ ಸಂದರ್ಶನವನ್ನೂ ಕೊಟ್ಟು ಬಂದಳು. ಅರ್ಜಿಯಲ್ಲಿ ನಮ್ಮ ನಂಬರು. ಬರೆಯುವ ಮೊದಲು ಬಂದು ಕೇಳಿದ್ದಳು, "ಚಿಕ್ಕಪ್ಪ, ನಿಮ್ ನಂಬರ್ ಕೊಡ್ಲಾ?" ಎಂದು. "ಕೊಡವ್ವ, ಅದ್ಕೇನು," ಎಂದಿದ್ದೆ.

ಅವಳಪ್ಪನ ಗದ್ದೆ, ನನ್ನ ಗದ್ದೆ ಅಕ್ಕಪಕ್ಕ. ನಾಲೆಯ ನೀರು ಸರದಿಯ ಮೇಲೆ. ಅವಳು ಸಂದರ್ಶನ ಕೊಟ್ಟು ಬಂದ ಮೇಲೆ ಒಂದು ಸೋಮವಾರ ಬೆಳಿಗ್ಗೆ ನನ್ನ ಸರದಿ ಇನ್ನೂ ಮುಗಿದಿರಲಿಲ್ಲ, ಅವನು ಕಾಲುವೆಗೆ ಮಣ್ಣು ಎಳೆದು ನೀರನ್ನು ತನ್ನ ಕಬ್ಬಿಗೆ ತಿರುಗಿಸಿಕೊಂಡ. ಕೇಳಲು ಹೋದೆ. ಬದುವಿನ ಮೇಲೆ ನಾಲ್ಕು ಜನ ನಿಂತಿದ್ದರು.

"ನಿಂಗ್ಯಾಕ್ಲಾ ಬೇಸಾಯ?" ಎಂದ. "ವೋಗ್, ವೋಗಿ ಮನೇಲ್ ಕುಂತ್ಕೊ. ಊರೋರ್ಗೆಲ್ಲ ಪೋನ್ ಬತ್ತದೆ, ಕೂಗ್ ಕರಿ. ಆಳ್ ಕೆಲ್ಸ ಚೆಂದಾಗ್ ಮಾಡ್ತೀಯ ಕಣ್ಲಾ ನೀನು."

ನಿಂತಿದ್ದವರು ನಕ್ಕರು. ಅವನೂ ನಕ್ಕ. ಅವನಿಗದು ಅಲ್ಲಿಗೇ ಮುಗಿಯಿತು. ನನಗೆ —

ಮನೆಗೆ ಬಂದು ಕಾಲು ತೊಳೆಯುತ್ತಿದ್ದೆ, ಫೋನು ಬಡಿದುಕೊಂಡಿತು. ಹೆಂಡತಿ ಹೊಲಕ್ಕೆ ಹೋಗಿದ್ದಳು. ಇದ್ದಿದ್ದರೆ ಅವಳೇ ಎತ್ತಿ, ನನ್ನ ಮುಖ ನೋಡದೆ ಪಕ್ಕದ ಮನೆಗೆ ಓಡಿರುತ್ತಿದ್ದಳು. ಆ ಕಡೆ ಆಸ್ಪತ್ರೆಯ ಒಬ್ಬ ಹೆಂಗಸು, ಇಂಗ್ಲಿಷಿನಲ್ಲಿ ನಿಧಾನವಾಗಿ, ಬಹಳ ಮರ್ಯಾದೆಯಿಂದ ಮಾತಾಡಿದಳು. ಹುಡುಗಿಯ ಹೆಸರನ್ನು ಎರಡು ಸಲ ಹೇಳಿದಳು. ಆಯ್ಕೆಯಾಗಿದ್ದಾಳೆ. ಗುರುವಾರ ಬೆಳಿಗ್ಗೆ ಅಸಲು ಸರ್ಟಿಫಿಕೇಟುಗಳ ಸಮೇತ ಬರಬೇಕು. ಕಾಗದ ಹಾಕಿದರೆ ತಡವಾಗುತ್ತದೆಂದು ಫೋನು ಮಾಡುತ್ತಿದ್ದೇವೆ. ಬರದಿದ್ದರೆ ಮುಂದಿನವರನ್ನು ಕರೆಯುತ್ತೇವೆ. ದಯವಿಟ್ಟು ಅವಳಿಗೆ ತಿಳಿಸಿ — ಪ್ಲೀಸ್ ಇನ್‌ಫಾರ್ಮ್ ಹರ್.

ನನ್ನ ಹೈಸ್ಕೂಲು ಇಂಗ್ಲಿಷಿಗೆ ಎಲ್ಲವೂ ಅರ್ಥವಾಯಿತು. ಇದನ್ನು ಯಾಕೆ ಒತ್ತಿ ಬರೆಯುತ್ತಿದ್ದೇನೆಂದರೆ, ಅರ್ಥವಾಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

"ಯೆಸ್ ಮೇಡಮ್. ಐ ವಿಲ್ ಇನ್‌ಫಾರ್ಮ್ ಹರ್," ಎಂದೆ. ಆಕೆ ಥ್ಯಾಂಕ್ಸ್ ಹೇಳಿ ಇಟ್ಟಳು.

ಬಾಗಿಲವರೆಗೂ ಹೋದೆ. ಕೂಗಲು ಬಾಯಿಯನ್ನೂ ತೆರೆದೆ. ಆಗ ಬದುವಿನ ಮೇಲಿನ ನಗು ನೆನಪಾಯಿತು. ಈಗ ಕೂಗಿದರೆ ಅವನು ಹೇಳಿದ ಆಳು ನಾನೇ ಆಗುತ್ತೇನಲ್ಲ... ಸಂಜೆ ಹೇಳಿದರಾಯಿತು, ಸ್ವಲ್ಪ ಕಾಯಲಿ ಎಂದುಕೊಂಡೆ.

ಸಂಜೆ ಅವಳೇ ಬಂದಳು. ಹೊಸ್ತಿಲ ಆಚೆ ನಿಂತು ಕೇಳಿದಳು, "ಚಿಕ್ಕಪ್ಪ, ನಂಗೇನಾದ್ರೂ ಫೋನ್ ಬಂದಿತ್ತಾ?"

"ಇಲ್ಲ ಕಣವ್ವ," ಎಂದೆ.

ಅಷ್ಟೇ. ಎರಡು ಪದ. ಆ ಎರಡು ಪದ ಬಾಯಿಂದ ಬಿದ್ದ ಮೇಲೆ ಮಂಗಳವಾರ ಹೇಳುವುದು ಇನ್ನೂ ಕಷ್ಟವಾಯಿತು. ಸುದ್ದಿ ಹೇಳಬೇಕಾದರೆ ನಿನ್ನೆಯ ಸುಳ್ಳನ್ನೂ ಹೇಳಬೇಕು. ಬುಧವಾರ ಸಂಜೆ ಮತ್ತೆ ಬಂದು ಕೇಳಿದಳು. ಮೈಸೂರಿಗೆ ಹೋಗಿ ರೈಲು ಹಿಡಿಯಲು ಆಗಲೂ ಸಮಯವಿತ್ತು. ಆಗಲೂ ಇಲ್ಲ ಎಂದೆ. ಗುರುವಾರ ಅವರ ಅಂಗಳದಲ್ಲಿ ಅವಳು ರಾಗಿ ಕೇರುತ್ತಿದ್ದಳು. ಮೊರದ ಸದ್ದು ನಮ್ಮ ನಡುಮನೆಗೂ ಕೇಳಿಸುತ್ತಿತ್ತು.

ಈಗ ಆ ಇನ್ನೊಂದು ಕೆಲಸ. ಶುಕ್ರವಾರ ಅದೇ ಹೆಂಗಸು ಮತ್ತೆ ಫೋನು ಮಾಡಿದಳು. ಅವಳು ಬರಲಿಲ್ಲವಲ್ಲ, ನೀವು ತಿಳಿಸಿದಿರಾ? ಒಂದೆರಡು ದಿನ ಬೇಕಿದ್ದರೆ ಕಾಯುತ್ತೇವೆ — ಹೀಗೂ ಅಂದಳು. ದೇವರಾಣೆ, ಹೀಗೂ ಅಂದಳು.

"ಯೆಸ್ ಮೇಡಮ್, ಐ ಇನ್‌ಫಾರ್ಮ್ಡ್ ಹರ್," ಎಂದೆ. ಅಲ್ಲಿಗೆ ನಿಲ್ಲಿಸಲಿಲ್ಲ. "ಶಿ ಈಸ್ ನಾಟ್ ಇಂಟರೆಸ್ಟೆಡ್."

ಅವಳಿಗೆ ಬಂದ ಮಾತನ್ನು ಅವಳಿಗೆ ಮುಟ್ಟಿಸದವನು, ಅವಳು ಆಡದ ಮಾತನ್ನು ಅವಳ ಹೆಸರಿನಲ್ಲಿ ಮುಟ್ಟಿಸಿದೆ. ಸಿಟ್ಟಿಗೆ ಮಾಡಿದೆ ಎನ್ನಲೂ ಆಗದು. ಶುಕ್ರವಾರದ ಹೊತ್ತಿಗೆ ಸಿಟ್ಟು ಆರಿತ್ತು. ಉಳಿದಿದ್ದದ್ದು ಸಿಕ್ಕಿಬೀಳುವ ಭಯ, ಅಷ್ಟೇ.

ಸಂದರ್ಶನದಲ್ಲಿ ಫೇಲಾದೆ ಎಂದುಕೊಂಡು ಅವಳು ಮತ್ತೆ ದೂರದ ಕೆಲಸಕ್ಕೆ ಅರ್ಜಿ ಹಾಕಲಿಲ್ಲ. ಮರುವರ್ಷ ಕೆ.ಆರ್. ಪೇಟೆಯ ಕಡೆಗೆ ಮದುವೆಯಾಗಿ ಹೋದಳು. ಒಳ್ಳೆಯ ಮನೆಯೇ. ಅಲ್ಲಿ ಹಳ್ಳಿಯ ಹಾಲಿನ ಡೈರಿಯಲ್ಲಿ, ಬಂದ ಹಾಲಿಗೆ ಲ್ಯಾಕ್ಟೋಮೀಟರ್ ಅದ್ದಿ ನೀರು ಬೆರೆತಿದೆಯೇ ನೋಡುವ ಕೆಲಸ ಮಾಡುತ್ತಾಳೆ. ಅವಳಪ್ಪ ಸಾಯುವವರೆಗೂ ನನ್ನ ಜೊತೆ ಚೆನ್ನಾಗಿಯೇ ಇದ್ದ. ಆ ಬೆಳಗಿನ ಮಾತು ಅವನಿಗೆ ನೆನಪೂ ಇರಲಿಲ್ಲ.

ಸುಮಾರು ಹತ್ತು ವರ್ಷದ ಹಿಂದೆ ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಜೊತೆಯಲ್ಲಿ ಕಾಲೇಜು ಓದುವ ಮಗಳು. ನನ್ನನ್ನು ನೋಡಿದ್ದೇ ಬಂದು ಕೈಯಲ್ಲಿದ್ದ ಚೀಲ ಇಸಿದುಕೊಂಡು ಬೆಂಚಿನ ಮೇಲೆ ಕೂರಿಸಿದಳು.

"ನೋಡ್ ಮಗ, ಇವ್ರೇ ಪಕ್ಕದ್ ಮನೆ ತಾತ. ಇವ್ರ್ ಮನೆ ನಂಬರ್ರೇ ನಾನು ಅರ್ಜೀಲೆಲ್ಲ ಬರೀತಿದ್ದುದ್ದು. ಒಂದ್ ದಿನಾನೂ ಬೇಜಾರ್ ಮಾಡ್ಕೊಂಡೋರಲ್ಲ." ಆಮೇಲೆ ನನ್ನ ಕಡೆ ತಿರುಗಿ ನಕ್ಕಳು. "ಆ ಆಸ್ಪತ್ರೆಯೋರು ಕೊನೆಗೂ ಫೋನೇ ಮಾಡ್ಲಿಲ್ಲ ಅಲ್ವಾ ಚಿಕ್ಕಪ್ಪ? ನನ್ ಇಂಗ್ಲೀಸ್ ಕೇಳಿ ಎದ್ರುಕೊಂಡಿರ್ಬೇಕು ಬುಡಿ."

ನಾನು ನಕ್ಕೆ. ನಗಬೇಕಾಗಿರಲಿಲ್ಲ. ಪಾಂಡವಪುರದ ಬಸ್ಸು ಬಂತು, ಹತ್ತಿಬಿಟ್ಟೆ.

ಸೊಸೆಯ ಪಾಠದಿಂದ ಈಚೆಗೆ ಆ ವಾಕ್ಯಗಳೇ ತಲೆಯಲ್ಲಿ. ಇನ್‌ಫಾರ್ಮ್ ಹರ್. ಟೆಲ್ ಹರ್. ಪಾಸ್ ಇಟ್ ಆನ್ — ಕಬ್ಬಿನ ಹೊರೆಯನ್ನು ಕೈಯಿಂದ ಕೈಗೆ ದಾಟಿಸಿ ಲಾರಿಗೆ ತುಂಬುವ ಹಾಗೆ. ನಡುವೆ ಒಬ್ಬ ಕೈ ಕಟ್ಟಿ ನಿಂತರೆ ಹೊರೆ ಅಲ್ಲೇ ಬಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೊಸೆ ಅಂದ ಮಾತು, ಲೆಟ್ ಹರ್ ನೋ. ಅವಳಿಗೆ ತಿಳಿಯಲು ಬಿಡು. ಬಿಡು ಎಂದರೆ, ಅಡ್ಡ ನಿಂತವನೊಬ್ಬ ಇದ್ದಾನೆ ಎಂದಾಯಿತಲ್ಲ. ಕಾಲುವೆಗೆ ಮಣ್ಣು ಎಳೆದದ್ದಕ್ಕೆ ಅವಳಪ್ಪನನ್ನು ಅಂದು ಬೈದುಕೊಂಡೆ. ಅದು ಒಂದು ಬೆಳಗಿನ ನೀರು. ನಾನು ತಡೆದದ್ದು...

ಮೊನ್ನೆ ಎಲ್ಲವನ್ನೂ ಸೊಸೆಗೆ ಹೇಳಿದೆ. ಅವಳು ಪಾಠ ನಿಲ್ಲಿಸಿ, ಕಂಬಕ್ಕೆ ಒರಗಿಸಿದ್ದ ಮೊಬೈಲನ್ನು ಕೈಗೆತ್ತಿಕೊಂಡಳು. ಆಮೇಲೆ, "ಅವ್ರ್ ನಂಬರ್ ಸಿಕ್ತದೆ ಮಾವ. ನಾನೇ ಫೋನ್ ಮಾಡಿ ಯೋಳ್ಬುಡ್ಲಾ?" ಎಂದಳು.

"ಬ್ಯಾಡ ಕಣವ್ವ," ಎಂದೆ.

ಇದು ಇನ್ನೊಬ್ಬರ ಕೈಲಿ ಹೇಳಿ ಕಳಿಸುವ ಮಾತಲ್ಲ. ಈ ವಾರ ಪಾಂಡವಪುರದಿಂದ ಕೆ.ಆರ್. ಪೇಟೆಯ ಬಸ್ಸು ಹತ್ತುತ್ತೇನೆ. ಒಳಗೆ ಕರೆಯದಿದ್ದರೆ ಹೊಸ್ತಿಲ ಆಚೆಯೇ ನಿಲ್ಲುತ್ತೇನೆ, ಅವಳು ಅಂದು ನಿಂತ ಹಾಗೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕ್ಷಮೆ ಕೇಳದವನು ನಾನು. ಈಗ ಕೇಳಿದರೆ ಅವಳು ಕ್ಷಮಿಸಬೇಕೆಂದಿಲ್ಲ. ಆದರೆ ಅವಳಿಗೆ ಬಂದದ್ದನ್ನು ಅವಳಿಗೆ ಕೊಡಲೇಬೇಕು, ಬಂದದ್ದು ಬಂದ ಹಾಗೆಯೇ.

ನೀನು ಫೇಲಾಗಿರಲಿಲ್ಲ ಕಣವ್ವ. ಅವರು ಫೋನು ಮಾಡಿದ್ದರು, ಎರಡು ಸಲ. ಗುರುವಾರ ಬೆಳಿಗ್ಗೆ ಬರಬೇಕೆಂದು ನಿನಗೆ ಹೇಳಿದ್ದರು, ವನಜಾಕ್ಷಿ.