ಆಗದ ಗ್ರಾಮಸಭಾದ ವರದಿ

ನಾ ಸುಂದರಾ. ಚಿಕ್ಕೋಡಿಯ ಒಂದು ಡಿಗ್ರಿ ಕಾಲೇಜಿನ್ಯಾಗ ಹದಿನಾರು ವರ್ಷದಿಂದ ಸಿಪಾಯಿ ಕೆಲಸ ಮಾಡಾಕತ್ತೀನಿ. ಗಂಟಿ ಹೊಡಿಯಾಕಿ ನಾನ, ನೋಟಿಸ್ ಬೋರ್ಡಿಗೆ ಟೈಮ್‌ಟೇಬಲ್ ಅಂಟಸಾಕಿ ನಾನ. ಹಂಗಂತ ಬಾಯಿ ಮುಚಗೊಂಡು ಇರಾಕಿ ಅಲ್ಲ.

ಫರಹೀನ ಮೇಡಂ ನಮ್ಮಲ್ಲಿ ರಾಜ್ಯಶಾಸ್ತ್ರ ಕಲಸ್ತಾರ. ದಿನಾ ನಿಪ್ಪಾಣಿ ಬಸ್ಸಿಗೆ ಬರ್ತಾರ. ಹನ್ನೊಂದು ವರ್ಷ ಆತು, ಇನ್ನೂ ಅತಿಥಿ ಉಪನ್ಯಾಸಕಿನ. ಹನ್ನೊಂದು ವರ್ಷ ಒಂದ ಮನ್ಯಾಗ ಇರೋರು ಯಾವ ಸೀಮಿ ಅತಿಥಿ, ನೀವ ಹೇಳ್ರಿ.

ಹೋದ ನವೆಂಬರದಾಗ ಚೇರಮನ್ ಸಂಗ್ರಾಮ ಸಾಹೇಬ್ರು ದೊಡ್ಡ ಪರದೇದ ಒಂದು ಎಐ ಯಂತ್ರ ತಂದು ಕೂಡ್ಸಿದ್ರು. ಪಾಠ ಅದ ಹೇಳತೈತಿ, ಕೇಳಿದ್ದಕ್ಕ ಉತ್ತರಾನೂ ಅದ ಕೊಡತೈತಿ, ಹುಡುಗರು ಬರದಿದ್ದನ್ನ ತಿದ್ದಿ ಮಾರ್ಕ್ಸ್ ಸೈತ ಹಾಕತೈತಿ. ವಿಜ್ಞಾನಕ್ಕ ಲ್ಯಾಬ್ ಬೇಕು, ರಾಜ್ಯಶಾಸ್ತ್ರ ಏನು, ಬರೇ ಓದಿ ಹೇಳೂದು, ಅದಕ್ಕ ಜನೇವರಿಯಿಂದ ಮೇಡಂ ಬ್ಯಾಡ ಅಂದ್ರು. ನನ್ನ ಕೈಯಾಗ ಹೊಸಾ ಟೈಮ್‌ಟೇಬಲ್ ಕೊಟ್ರು. ಮೇಡಂ ಹೆಸರಿದ್ದ ಜಾಗಾದಾಗ ‘ಸ್ಮಾರ್ಟ್ ಪಾಠ’ ಅಂತ ಇತ್ತು. ನನಗ ಮೈಯೆಲ್ಲಾ ಉರೀತು. ಅಂಟು ತೀರೈತ್ರಿ ಅಂತ ಹೇಳಿ ಹಾಳಿ ಕಪಾಟಿನ್ಯಾಗ ಇಟ್ಟಬಿಟ್ಟೆ.

ಮೇಡಂ ಅಳಲಿಲ್ಲ, ಜಗಳಾನೂ ತಗೀಲಿಲ್ಲ. ಹೋಗೂದರಾಗ ಹುಡುಗರಿಗೆ ಕಡೀದೊಂದು ಕೆಲಸ ಕೊಟ್ರು. ನಿಮ್ಮ ನಿಮ್ಮ ಊರಿನ ಗ್ರಾಮಸಭಾಕ್ಕ ಹೋಗ್ರಿ, ಕಣ್ಣಿಂದ ನೋಡಿದ್ದಷ್ಟ ಬರಕೊಂಡು ಬರ್ರಿ ಅಂದ್ರು.

ಮೂವತ್ತೆರಡು ವರದಿ ಬಂದ್ವು. ಯಂತ್ರಾನ ತಿದ್ದಿತು. ಚೇರಮನ್ರು ಭಾಳ ಖುಷ್ ಆಗಿ, ಸ್ಟಾಫ್ ರೂಮಿನ್ಯಾಗ ಎಲ್ಲಾರನೂ ಕೂಡ್ಸಿ, ಹೆಚ್ಚು ಮಾರ್ಕ್ಸ್ ಬಿದ್ದಿದ್ದನ್ನ ತಾವ ಓದಾಕ ನಿಂತ್ರು. ಅವರ ಸ್ವಂತ ಊರಿನ ಸಭಾದ್ದು ಅದು. ಊರ ಹೆಸರು ಹೇಳೂದಿಲ್ಲ, ನಂದೂ ಅದ ಊರು, ನಾ ಅಲ್ಲೆ ಬಾಳೇ ಮಾಡಬೇಕು. ಬರದಾಂವ ರೂಪೇಶ. ಆ ಹುಡುಗ ಸಭಾಕ್ಕ ಹೋಗದ, ಫೋನಿನ ಎಐಗೆ ಹೇಳಿ ಬರಸ್ಯಾನ ಅನ್ನೂದು ಚಾ ಕೊಡಾಕ ನಿಂತ ನನಗೂ ಗೊತ್ತಿತ್ತು. ನೂರಾ ನಲವತ್ತಾರು ಮಂದಿ ಸೇರಿದ್ರಂತ, ಗಟಾರದ ಠರಾವು ಪಾಸ್ ಆತಂತ, ಕಡೀಕ ‘ಊರಿನ ಹಿರಿಯರಾದ ಸಂಗ್ರಾಮ ಸಾಹೇಬರು ಒಂದು ತಾಸು ಮಾರ್ಗದರ್ಶನ ಮಾಡಿದರು’ ಅಂತ ಬಂತು. ಓದೂದು ಅಲ್ಲೇ ನಿಂತಿತು. ಅವತ್ತ ಸಾಹೇಬ್ರು ಕೊಲ್ಲಾಪುರದಾಗ ಲಗ್ನಕ್ಕ ಹೋಗಿದ್ರು. ಲಗ್ನದ ಪೇಢೆ ನನಗೂ ಕೊಟ್ಟಿದ್ರು.

ಆವಾಗ ಮೇಡಂ ಎಲ್ಲಕ್ಕಿಂತ ಕಡಿಮಿ ಮಾರ್ಕ್ಸಿನ ಹಾಳಿ ಅವರ ಮುಂದ ಇಟ್ರು. ಅದ ಊರಿನ ದೀಪಾಲಿ ಬರದಿದ್ದು, ಅರ್ಧ ಪುಟ. ‘ಹತ್ತಕ್ಕೆ ಹೋದೆ. ಪಂಚಾಯ್ತಿಗೆ ಕೀಲಿ ಹಾಕಿತ್ತು. ನಳದ ಅರ್ಜಿ ಹಿಡಿದು ಅಕ್ಕವ್ವ ಎಂಬ ಮುದುಕಿ ಬಂದಿದ್ದಳು. ಒಂದರ ತನಕ ಇಬ್ಬರೂ ಕುಳಿತೆವು. ಸಭೆ ಆಗಲಿಲ್ಲ.’ ಬರದಿದ್ದು ಸಾಲದು ಅಂತ ಯಂತ್ರ ಇಪ್ಪತ್ತಕ್ಕ ಮೂರು ಹಾಕಿತ್ತು.

“ನಾ ಈ ಹುಡುಗಿಗೆ ಇಪ್ಪತ್ತಕ್ಕ ಇಪ್ಪತ್ತು ಕೊಡತೀನ್ರಿ ಸಾಹೇಬ್ರ,” ಅಂದ್ರು ಮೇಡಂ. “ಆಗದ ಸಭಾ ಆಗಿಲ್ಲ ಅಂತ ಬರಿಯೂದನ್ನ ನಾ ಕಲಸೂದು.”

ಸಾಹೇಬ್ರು ಆ ಅರ್ಧ ಪುಟಾನ ಮಡಚಿ ಕಿಸೇದಾಗ ಇಟಗೊಂಡು ಹೋದ್ರು.

ಮೇಡಂ ಅಷ್ಟಕ್ಕ ಬಿಡಲಿಲ್ಲ. ಸಭಾ ಕರೀರಿ ಅಂತ ನಮ್ಮೂರ ಪಂಚಾಯ್ತಿಗೆ ಹುಡುಗರ ಕೈಲೆ ಅರ್ಜಿ ಬರಸಿದ್ರು. ಬರಿಯೂ ರೀತಿ ಯಂತ್ರಾನ್ನ ಕೇಳ್ರಿ, ಸಹಿ ಮಾತ್ರ ಮನಿ ಮನಿಗೆ ಹೋಗಿ ತರ್ರಿ ಅಂದ್ರು. ರೂಪೇಶನ ಎಲ್ಲಾರಕಿಂತ ಹೆಚ್ಚು ಮನಿ ತಿರಗಿದ. ಡಿಸೆಂಬರ್ ಮುಗಿಯೂದರಾಗ ಸಭಾ ಖರೇನ ಕೂಡ್ತು. ಪಂಚಾಯ್ತಿ ಅಂಗಳ ತುಂಬಿ, ಮಂದಿ ರಸ್ತೇದಾಗ ನಿಂತ್ರು. ಸಂಗ್ರಾಮ ಸಾಹೇಬ್ರು ಕುರ್ಚಿ ಬ್ಯಾಡಂದು ಜಮಖಾನಿ ಮ್ಯಾಲ ಕುಂತ್ರು. ಅಕ್ಕವ್ವ ಎದ್ದು ನಿಂತು ನಳಾ ಕೇಳಿದ್ಲು. ಎಲ್ಲಾರೂ ಕೈ ಎತ್ತಿದ್ರು, ಠರಾವು ಆತು, ದೀಪಾಲಿ ಬರಕೊಂಡ್ಲು. ನಾನೂ ಕೈ ಎತ್ತಿದ್ದೆ. ಐವತ್ತು ವರ್ಷದ ಜಲ್ಮದಾಗ ಮೊದಲನೇ ಸಲ ನಾ ಗ್ರಾಮಸಭಾಕ್ಕ ಹೋಗಿದ್ದು. ನಾಚಿಕಿನೂ ಆತು, ಎದಿ ತುಂಬಿಯೂ ಬಂತು.

ಮರುದಿನ ಸಾಹೇಬ್ರು ನನ್ನ ಕರದು ಆ ಟೈಮ್‌ಟೇಬಲ್ ಕೇಳಿದ್ರು. ಕಪಾಟಿನಿಂದ ತಗದು ಕೊಟ್ಟೆ. ‘ಸ್ಮಾರ್ಟ್ ಪಾಠ’ ಅನ್ನೂದನ್ನ ಹೊಡದು, ಮ್ಯಾಲೆ ತಮ್ಮ ಕೈಲೆ ‘ಫರಹೀನ ಮೇಡಂ’ ಅಂತ ಬರದ್ರು.

“ಅಂಟು ಬಂತೇನ ಸುಂದರಾಬಾಯಿ?”

“ಬಂತ್ರಿ,” ಅಂದೆ. ನಾಕೂ ಮೂಲಿಗೆ ದಪ್ಪಗ ಹಚ್ಚಿ, ಯಾರಿಗೂ ಕೀಳಾಕ ಬರಬಾರದು ಹಂಗ ಅಂಟ್ಸಿ ಬಂದೆ.